ಗೋಡೆಯ ಮುಂದೆ ಇಪ್ಪತ್ತೈದು ನಿಮಿಷ

ಹೊಳೆನರಸೀಪುರದ ನಮ್ಮ ಮನೆಯ ಹಿಂದಿನ ಕೋಣೆಗೆ ಐದು ತಿಂಗಳು ಬೀಗ ಬಿದ್ದಿತ್ತು. ಚಿಲಕಕ್ಕೆ ಕಾರೆ ಮುಳ್ಳಿನ ಕೊಂಬೆಯೊಂದನ್ನು ಸಿಕ್ಕಿಸಿದ್ದೆವು. ನನ್ನ ಹೆಂಡತಿ ತೀರಿಕೊಂಡದ್ದು ಆ ಕೋಣೆಯಲ್ಲಿ. ಅವತ್ತಿನ ನಕ್ಷತ್ರ ಒಳ್ಳೆಯದಲ್ಲ ಎಂದು ಪಂಚಾಂಗ ನೋಡಿದವರು ಹೇಳಿದರು. ಅಂಥ ದಿನ ಜೀವ ಹೋದರೆ ಮನೆ ಖಾಲಿ ಮಾಡಿ, ಬಾಗಿಲಿಗೆ ಮುಳ್ಳು ಹಾಕಿ, ಹೇಳಿದಷ್ಟು ತಿಂಗಳು ಬೇರೆ ಕಡೆ ಇರುವುದು ನಮ್ಮ ಕಡೆಯ ವಾಡಿಕೆ.

ಸಾಲಗಾಮೆಯಿಂದ ಬಂದಿದ್ದ ನನ್ನ ಅಕ್ಕ ಹಾಲು ತುಪ್ಪ ಬಿಟ್ಟು ಬಂದ ದಿನವೇ ಮಾತು ತೆಗೆದಳು.

"ಮೂರು ತಿಂಗ್ಳು ಮನೆ ಬುಟ್ಬುಡು ಕಣ್ಲಾ. ನಮ್ಮನೇಲಿರೀವಂತೆ."

"ನಾನೆಲ್ಲೂ ಬರಾಕಿಲ್ಲ ಕಣಕ್ಕ."

"ಅಂಗಾರೆ ಆ ರೂಮನ್ನಾದ್ರೂ ಮುಚ್ಚು. ನನ್ ಮಾತು ಯಾವತ್ತು ಕೇಳಿದ್ದೀಯ ನೀನು?"

"ಮುಚ್ತೀನಿ" ಎಂದೆ. ಅಷ್ಟು ಬೇಗ ಒಪ್ಪಿದ್ದು ಕಂಡು ಅವಳು ನನ್ನ ಮುಖವನ್ನೇ ನೋಡಿದಳು. ನಾನು ಇಂಥದ್ದಕ್ಕೆಲ್ಲ ಮೂಗು ಮುರಿಯುವವನು. ದುಃಖದಲ್ಲಿ ಮೆತ್ತಗಾಗಿದ್ದಾನೆ ಎಂದುಕೊಂಡಿರಬೇಕು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕಾರಣ ಬೇರೆಯಿತ್ತು. ನನಗೆ ಆ ಕೋಣೆಯ ಗೋಡೆ ಕಂಡರೆ ಭಯವಾಗಿತ್ತು. ನಕ್ಷತ್ರದ ಹೆಸರಿನಲ್ಲಿ ಬೀಗ ಹಾಕುವ ಅವಕಾಶ ಸಿಕ್ಕಿತು, ಹಾಕಿದೆ.

ಆ ಗೋಡೆ ನಮ್ಮ ಮನೆಯಲ್ಲಿ ಬರೀ ಗೋಡೆಯಾಗಿರಲಿಲ್ಲ. ಅದು ಹೇಗಾಯಿತು ಎನ್ನುವುದನ್ನು ಮೊದಲು ಹೇಳಬೇಕು.

ನಾನು ಹತ್ತನೇ ತರಗತಿ ಮುಗಿಸಿ ಬಸ್ ಡಿಪೋ ಸೇರಿದವನು. ಕೊನೆಯವರೆಗೂ ಮೆಕ್ಯಾನಿಕ್ ಆಗಿಯೇ ಇದ್ದು ನಿವೃತ್ತನಾದೆ. ನನ್ನ ಹೆಂಡತಿ ಅರಕಲಗೂಡಿನ ಒಂದು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದಳು. ನಮಗೆ ಮಕ್ಕಳಿಲ್ಲ. ಅವಳಿಗೆ ಓದುವ ಹುಚ್ಚು, ನನಗೆ ಎಂಜಿನ್ ಬಿಚ್ಚುವ ಹುಚ್ಚು. ಇಬ್ಬರೂ ಒಬ್ಬರ ತಂಟೆಗೆ ಒಬ್ಬರು ಹೋಗದೆ ಚೆನ್ನಾಗಿಯೇ ಇದ್ದೆವು.

ಅರಕಲಗೂಡಿನ ಹೈಸ್ಕೂಲಿನಲ್ಲಿ ಒಬ್ಬ ಮೇಷ್ಟರಿದ್ದರು. ಚನ್ನರಾಯಪಟ್ಟಣದ ಆಚೆ ದಂಡಿಗನಹಳ್ಳಿಯವರು. ಬೌದ್ಧಧರ್ಮದ ಪುಸ್ತಕ ಯಾವುದು ಬಂದರೂ ಮೊದಲು ಒಯ್ಯುವವರು ಅವರೇ ಎಂದು ಅವಳು ಹೇಳುತ್ತಿದ್ದಳು. ನಿವೃತ್ತಿಯಾದ ಮೇಲೆ ಅವರು ಬುದ್ಧಗಯೆಗೆ ಹೋಗಿ, ಅಲ್ಲಿ ಕೊರಿಯಾದವರ ಒಂದು ದೇವಾಲಯದಲ್ಲಿ ತಿಂಗಳುಗಟ್ಟಲೆ ಇದ್ದು ಬಂದರು. ಒಯ್ದಿದ್ದ ಪುಸ್ತಕ ವಾಪಸು ಕೊಡಲು ಬಂದವರನ್ನು ಇವಳು ಬಿಡಲಿಲ್ಲ. ಅಲ್ಲಿ ಏನು ಮಾಡುತ್ತಾರೆ, ಹೇಗೆ ಕೂರುತ್ತಾರೆ, ನನಗೂ ಹೇಳಿಕೊಡಿ ಎಂದಳಂತೆ. ಅಲ್ಲಿಂದ ಮುಂದೆ ಭಾನುವಾರ ಬೆಳಿಗ್ಗೆ ಮೇಷ್ಟರು ಬಸ್ಸು ಹಿಡಿದು ನಮ್ಮ ಮನೆಗೆ ಬರತೊಡಗಿದರು.

ಮೊದಲನೇ ದಿನ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಅವರು ಹೇಳಿದ್ದು ಇನ್ನೂ ನೆನಪಿದೆ.

"ನಮ್ಮ ದಕ್ಷಿಣದ ಕಡೆಯಿಂದ್ಲೇ ಒಬ್ಬ ಸನ್ಯಾಸಿ ಚೀನಾಕ್ಕೋದ ಅಂತಾರೆ. ಅಲ್ಲಿ ಒಂದು ಗವೀಲಿ ಒಂಬತ್ತು ವರ್ಷ ಗೋಡೆ ನೋಡ್ಕಂಡು ಕುಂತಿದ್ನಂತೆ."

"ಒಂಬತ್ತು ವರ್ಷ! ಹೆಂಡ್ತಿ ಮಕ್ಳು ಇರ್ಲಿಲ್ವಾ ಸಾ ಅವನಿಗೆ?" ಎಂದೆ.

"ಇದ್ದಿದ್ರೆ ಹದಿನೆಂಟು ವರ್ಷ ಕೂತಿರೋನು" ಎಂದು ಒಳಗಿನಿಂದ ನನ್ನ ಹೆಂಡತಿ ಹೇಳಿದಳು. ಮೇಷ್ಟರು ಕಾಫಿ ನೆತ್ತಿಗೇರಿಸಿಕೊಂಡು ಕೆಮ್ಮಿದರು.

ನಮ್ಮಲ್ಲಿ ಧ್ಯಾನ ಎನ್ನುವುದೇ ಚೀನಾದಲ್ಲಿ ಚಾನ್, ವಿಯೆಟ್ನಾಮಿನಲ್ಲಿ ಥಿಯೆನ್, ಕೊರಿಯಾದಲ್ಲಿ ಸೊನ್, ಜಪಾನಿನಲ್ಲಿ ಜೆನ್ ಆಯಿತು ಎಂದರು. ಹೋದ ಹೋದ ಊರಿನಲ್ಲಿ ಅದು ಆ ಊರಿನದೇ ಆಯಿತಂತೆ. ಚೀನಾದ ಮಠಗಳಲ್ಲಿ ಸನ್ಯಾಸಿಗಳೇ ಗುದ್ದಲಿ ಹಿಡಿದು ಹೊಲ ಮಾಡಿದರು. ಜಪಾನಿನಲ್ಲಿ ಒಂದು ಪಂಥದವರು ಸುಮ್ಮನೆ ಗೋಡೆಗೆ ಮುಖ ಮಾಡಿ ಕೂರುತ್ತಾರೆ, ಇನ್ನೊಂದು ಪಂಥದವರು ಗೋಡೆಗೆ ಬೆನ್ನು ಕೊಟ್ಟು ಎದುರುಬದುರಾಗಿ ಕೂತು, ಗುರು ಕೊಟ್ಟ ಒಗಟಿನಂಥ ಪ್ರಶ್ನೆಯನ್ನು ಅಗಿಯುತ್ತಾರೆ. ಕೊರಿಯಾದವರದು ಬಹಳ ಮಟ್ಟಿಗೆ ಒಂದೇ ಪ್ರಶ್ನೆ, 'ಇದೇನು?' ಎಂದು. ವಿಯೆಟ್ನಾಮಿನವರು ಕೂರುವುದರ ಜೊತೆಗೆ ಬುದ್ಧನ ನಾಮವನ್ನೂ ಜಪಿಸುತ್ತಾರೆ, ಉಸಿರು ನೋಡಿಕೊಳ್ಳುತ್ತ ನಿಧಾನಕ್ಕೆ ನಡೆಯುತ್ತಾರೆ.

ನನಗೆ ತಿಳಿದ ರೀತಿಯಲ್ಲಿ ನಾನು ಕೇಳಿದೆ, "ಅಂದ್ರೆ ಚಾಸಿ ಒಂದೇ, ಬಾಡಿ ಕಟ್ಟೋರು ಬೇರೆ ಬೇರೆ, ಅಲ್ವಾ ಸಾ?"

ಮೇಷ್ಟರು ಸ್ವಲ್ಪ ಯೋಚನೆ ಮಾಡಿ, "ಚಾಸಿ ಒಂದೇನಾ ಅಂತ ಅಲ್ಲೇ ಜಗಳ ಆಡ್ತಾರೆ ಕಣ್ರೀ ಅವರು" ಎಂದರು.

ಅವಳು ಎಲ್ಲ ಕಡೆಯಿಂದಲೂ ಒಂದೊಂದು ತೆಗೆದುಕೊಂಡಳು. ಜಪಾನಿನವರ ಹಾಗೆ ಗೋಡೆಗೆ ಮುಖ ಮಾಡಿದಳು, ಕೊರಿಯಾದವರ ಪ್ರಶ್ನೆ ಇಟ್ಟುಕೊಂಡಳು, ಕೂತು ಎದ್ದ ಮೇಲೆ ವಿಯೆಟ್ನಾಮಿನವರ ಹಾಗೆ ಹಿತ್ತಲಲ್ಲಿ ಕರಿಬೇವಿನ ಗಿಡದಿಂದ ಬಚ್ಚಲ ತನಕ ಹೆಜ್ಜೆ ಎಣಿಸಿದಂತೆ ನಡೆದಳು. "ಎಲ್ಲ ತರಕಾರೀನೂ ಒಂದೇ ಹುಳಿಗೆ ಹಾಕಿದ್ದೀಯ" ಎಂದು ನಾನು ಛೇಡಿಸಿದರೆ, "ನೀವು ಉಣ್ಣೋದೂ ಅದೇ ಹುಳೀನೇ ಅಲ್ವಾ" ಎನ್ನುತ್ತಿದ್ದಳು.

ನನಗೆ ಕೂರುವುದು ಆಗಲಿಲ್ಲ. ಎರಡು ಸಲ ಪ್ರಯತ್ನಿಸಿದೆ. ಗೋಡೆ ಮುಂದೆ ಕೂತರೆ ಮೇಲ್ಛಾವಣಿಯಿಂದ ಏನೋ ಬೆನ್ನಿಗೆ ಬೀಳುವುದೆಂಬ ಅಂಜಿಕೆ. ಹಾಗಾಗಿ ಗಂಟೆ ಬಾರಿಸುವ ಕೆಲಸ ನನ್ನದಾಯಿತು. ನಾನು ನಿವೃತ್ತನಾದಾಗ ಡಿಪೋದ ಜೊತೆಗಾರರು ಹಳೇ ಬಸ್ಸೊಂದರ ಹಿತ್ತಾಳೆ ಬೆಲ್ಲನ್ನು ಹೊಳಪು ಮಾಡಿ ನೆನಪಿಗೆಂದು ಕೊಟ್ಟಿದ್ದರು. ಈಗೆಲ್ಲ ಕಂಡಕ್ಟರುಗಳು ಸೀಟಿ ಊದುತ್ತಾರೆ, ಮುಂಚೆ ಹಗ್ಗ ಎಳೆದು ಇದನ್ನು ಬಾರಿಸುತ್ತಿದ್ದರು. ಬಸ್ಸಿನಲ್ಲಿ ಒಂದು ಸಲ ಬಾರಿಸಿದರೆ ನಿಲ್ಲಿಸು, ಎರಡು ಸಲ ಬಾರಿಸಿದರೆ ಹೊರಡು. ನಮ್ಮ ಮನೆಯಲ್ಲಿ ಮೂರು ಸಲ ಬಾರಿಸಿದರೆ ಕೂರುವುದು, ಇಪ್ಪತ್ತೈದು ನಿಮಿಷವಾದ ಮೇಲೆ ಒಂದು ಸಲ ಬಾರಿಸಿದರೆ ಏಳುವುದು. ದಿನಾ ಬೆಳಿಗ್ಗೆ ಆರೂವರೆಗೆ ಮೂರು ಬಾರಿಸಿ, ಜಗಲಿಯಲ್ಲಿ ಪೇಪರ್ ಓದಿ, ಹೊತ್ತಿಗೆ ಸರಿಯಾಗಿ ಒಂದು ಬಾರಿಸುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಮೂವರೂ ಹಾಸನದ ಮೂಲಕ ಶೆಟ್ಟಿಹಳ್ಳಿಗೆ ಹೋಗಿದ್ದೆವು. ಅಣೆಕಟ್ಟಿನ ಹಿನ್ನೀರು ದೂರಕ್ಕೆ ಸರಿದು, ಮಳೆಗಾಲದಲ್ಲಿ ಮುಳುಗುವ ಅಲ್ಲಿನ ಹಾಳು ಚರ್ಚಿನ ಒಳಗೆಲ್ಲ ಒಣ ನೆಲ ಬಿದ್ದಿತ್ತು. ಚಾವಣಿಯಿಲ್ಲದ ಆ ಗೋಡೆಗಳ ನಡುವೆ ಅವರಿಬ್ಬರೂ ಇಟ್ಟಿಗೆಗೆ ಮುಖ ಮಾಡಿ ಕೂತರು. ನಾನು ಬೆಲ್ ಹಿಡಿದು ನಿಂತಿದ್ದೆ. ಫೋಟೋ ತೆಗೆಯಲು ಬಂದಿದ್ದ ಒಬ್ಬ ಹುಡುಗಿ ಮೆಲ್ಲಗೆ, "ಶೂಟಿಂಗಾ ಅಂಕಲ್?" ಎಂದಳು. ನಾನು ಹೂಂ ಎಂದುಬಿಟ್ಟೆ. ಅವಳು ಹೋದ ಮೇಲೆ ಅವರಿಬ್ಬರ ಬೆನ್ನನ್ನೇ ನೋಡುತ್ತ ನಿಂತೆ. ಗಾಳಿ ಬಿಟ್ಟರೆ ಸದ್ದಿಲ್ಲ. ಹಿಂದಿನಿಂದ ನೋಡಿದರೆ ಮನುಷ್ಯ ಇದ್ದಾನೋ ಇಲ್ಲವೋ ಗೊತ್ತಾಗುವುದಿಲ್ಲ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಅಲ್ಲಿ. ನಾಲ್ಕು ನಿಮಿಷ ಮುಂಚೆಯೇ ಬೆಲ್ ಬಾರಿಸಿಬಿಟ್ಟೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನಕ್ಕಳು. "ಕಳ್ಳ ಟೈಮು ಹಾಕಿದ್ರಿ ಇವತ್ತು. ನೋಡಿ, ನಾನು ನಿಮ್ಮನ್ನೇ ನಂಬ್ಕೊಂಡು ಕೂತಿರ್ತೀನಿ. ನೀವು ಬೆಲ್ ಹೊಡಿಯೋ ತನಕ ನಾನು ಏಳಾಕಿಲ್ಲ, ನೆನಪಿರ್ಲಿ."

ತಮಾಷೆಗೆ ಆಡಿದ ಮಾತು. ಅದೇ ಮಾತು ಐದು ತಿಂಗಳು ನನ್ನ ಕುತ್ತಿಗೆ ಹಿಡಿಯಿತು.

ಅವತ್ತು ಮೇಷ್ಟರು ಬರುವ ದಿನವಲ್ಲ, ವಾರದ ನಡುವೆ. ಅವಳು ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಶಾಲು ಹೊದ್ದು ಕೂತಳು. ಮಂಡಿನೋವಿತ್ತು, ಮಣೆಯ ಮೇಲೆ ದುಪ್ಪಟಿ ಮಡಿಸಿ ಹಾಕಿಕೊಳ್ಳುತ್ತಿದ್ದಳು. ಗೋಡೆಗೂ ಅವಳಿಗೂ ಒಂದೂವರೆ ಗೇಣು ಅಂತರ. ಮೂರು ಸಲ ಬಾರಿಸಿದೆ. ಮನೆಯಲ್ಲಿ ಹಾಲಿರಲಿಲ್ಲ. ಡೈರಿ ಮುಂದಿನ ಬೀದಿಯಲ್ಲೇ ಇದೆ, ಹತ್ತು ನಿಮಿಷದ ಕೆಲಸ ಎಂದು ಹೊರಟೆ.

ಡೈರಿಯ ಹತ್ತಿರ ಒಬ್ಬರ ಮೊಪೆಡ್ಡು ಸ್ಟಾರ್ಟ್ ಆಗದೆ ನಿಂತಿತ್ತು. ಪಾಪ, ತುಳಿದು ತುಳಿದು ಬೆವರುತ್ತಿದ್ದರು. ನಾನು ಸುಮ್ಮನೆ ಹಾದುಹೋಗಬಹುದಿತ್ತು. ಹಾಗೆ ಹೋಗಲು ನನ್ನ ಕೈ ಬಿಡುವುದಿಲ್ಲ. ಪ್ಲಗ್ ಬಿಚ್ಚಿ, ಕಟ್ಟಿದ್ದ ಮಸಿ ಉಜ್ಜಿ, ಮತ್ತೆ ಹಾಕಿ, ಗಾಡಿ ಹೊರಡುವುದನ್ನು ನೋಡಿ, ಅವರು ಹೊಗಳಿದ್ದನ್ನೂ ನಿಂತು ಕೇಳಿ ಬಂದೆ. ಮನೆ ಹೊಕ್ಕಾಗ ಗಡಿಯಾರ ಏಳು ದಾಟಿ ಹದಿನೈದು ನಿಮಿಷ ತೋರಿಸುತ್ತಿತ್ತು. ಕೋಣೆಯ ಬಾಗಿಲು ತೆರೆದಿತ್ತು. ಅವಳ ಬೆನ್ನು ಕಂಡಿತು, ಶಾಲು ಕಂಡಿತು. ಇಷ್ಟು ಹೊತ್ತು ಅಲ್ಲಾಡದೆ ಕೂತಿದ್ದಾಳಲ್ಲ, ಭೇಷ್ ಎಂದುಕೊಂಡೆ. ಮಸಿ ಕೈಯಲ್ಲಿ ಬೆಲ್ ಮುಟ್ಟಬಾರದೆಂದು ಬಚ್ಚಲಿಗೆ ಹೋಗಿ ಸೋಪಿನ ಪುಡಿ ಹಾಕಿ, ಉಗುರುಸಂದಿಯನ್ನೂ ಬಿಡದೆ ಕೈ ತೊಳೆದೆ. ಒರೆಸಿಕೊಂಡೆ. ಆಮೇಲೆ ಒಂದು ಸಲ ಬಾರಿಸಿದೆ.

ಅವಳು ಏಳಲಿಲ್ಲ. ತಡ ಮಾಡಿದ್ದಕ್ಕೆ ಸತಾಯಿಸುತ್ತಿದ್ದಾಳೆ ಎಂದುಕೊಂಡೆ. ಎರಡು ಸಲ ಬಾರಿಸಿ, "ರೈಟ್ ರೈಟ್, ಓಗಾನ ನಡಿ" ಎಂದೆ.

ಆ ಮಾತನ್ನು ಬರೆಯಬಾರದೆಂದು ಇದ್ದೆ.

ಅವಳ ಹಣೆ ಗೋಡೆಗೆ ಒರಗಿತ್ತು. ಹಿಂದಿನಿಂದ ಅದು ಕಾಣುವ ಹಾಗಿರಲಿಲ್ಲ. ಅಕ್ಕಪಕ್ಕದವರು ಓಡಿಬಂದರು, ಆಂಬುಲೆನ್ಸ್ ಬಂತು, ಹಾಸನದ ಆಸ್ಪತ್ರೆಗೆ ಹೋದೆವು. ಹೃದಯ ನಿಂತಿದೆ ಎಂದರು. ಯಾವಾಗ ಎಂದು ಕೇಳಿದೆ. "ಕರೆಕ್ಟಾಗಿ ಹೇಳಕ್ಕಾಗಲ್ಲ. ನೀವು ನೋಡೋಕೆ ಒಂದು ಹತ್ತು ನಿಮಿಷ ಮುಂಚೆ ಇರ್ಬೋದು, ಅರ್ಧ ಗಂಟೆ ಮುಂಚೆನೂ ಇರ್ಬೋದು" ಎಂದರು ಡಾಕ್ಟರು. ಅಷ್ಟರೊಳಗೇ ನಾನು ಬಾರಿಸಬೇಕಿದ್ದ ಹೊತ್ತು ಇತ್ತು. ಆರು ಐವತ್ತೈದು. ಅದರ ಆಚೆಯೋ ಈಚೆಯೋ, ಯಾರೂ ಹೇಳಲಿಲ್ಲ.

ಅವಳನ್ನು ಎತ್ತಿದಾಗ ಗೋಡೆಯ ಮೇಲೆ ಕುಂಕುಮದ ಗುರುತು ಕಂಡಿತ್ತು. ಒಂದು ಕ್ಷಣ, ಅಷ್ಟೇ. ಆಮೇಲೆ ಆ ಕಡೆ ನಾನು ತಿರುಗಲಿಲ್ಲ.

ಬೀಗ ಹಾಕಿದ ಮೇಲೆ ಭಯ ಆ ಕೋಣೆಯಲ್ಲೇ ಇರುತ್ತದೆ ಎಂದುಕೊಂಡಿದ್ದೆ. ಅದು ಅಡುಗೆಮನೆಗೂ ಬಂತು. ಅನ್ನಕ್ಕೆ ಇಟ್ಟು ನಿಂತರೆ ಬೆನ್ನ ಹಿಂದೆ ಆ ಬಾಗಿಲು. ಬೆಳಿಗ್ಗೆ ಆರೂವರೆಯಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಆರು ಐವತ್ತೈದರ ತನಕ ಮನೆಯೊಳಗೆ ಇರಲಾಗದೆ ಹೊಳೆ ಕಡೆ ಹೋಗಿ ನಿಲ್ಲುತ್ತಿದ್ದೆ. ಬಸ್ಸಿನಲ್ಲಿ ಮುಂದಿನ ಸೀಟಿನವರು ತೂಕಡಿಸಿ ಅಲ್ಲಾಡದೆ ಇದ್ದರೆ ಭುಜ ಮುಟ್ಟಿ ಎಬ್ಬಿಸಿದ್ದೇನೆ, ಬೈಸಿಕೊಂಡಿದ್ದೇನೆ. ಕಣ್ಣು ಮುಚ್ಚಿದರೆ ಆ ಕುಂಕುಮ. ಅದು ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಎಳೆದ ಗೆರೆಯಾಗಿ ಕಾಣುತ್ತಿತ್ತು. ನೋವಿನಲ್ಲಿ ಹಣೆ ಉಜ್ಜಿದ ಗೆರೆ. ಎದೆ ಹಿಂಡುತ್ತಿದ್ದರೂ ಬೆಲ್ ಆಗಲಿ, ಅವರು ಬಾರಿಸುತ್ತಾರೆ ಎಂದು ತಡೆದುಕೊಂಡವಳ ಗೆರೆ. ಅಷ್ಟು ಹೊತ್ತೂ ನಾನು ಯಾರದೋ ಪ್ಲಗ್ ಉಜ್ಜುತ್ತಿದ್ದೆ.

ಮೂರು ತಿಂಗಳು ಕಳೆದ ಮೇಲೆ ಅಕ್ಕ ಫೋನು ಮಾಡಿ, "ಇನ್ನು ಮುಳ್ಳು ತೆಗೆದು ಒಂದು ವೋಮ ಮಾಡ್ಸಿಬುಡು" ಎಂದಳು. "ಆಯ್ತು ಕಣಕ್ಕ" ಎಂದೆ. ತೆಗೆಯಲಿಲ್ಲ.

ಐದನೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಮೇಷ್ಟರು ಬಂದರು. ಕೈಚೀಲದಲ್ಲಿ ತೋಟದ ಎರಡು ತೆಂಗಿನಕಾಯಿ. ತಿಥಿಗೆ ಬಂದಿದ್ದಾಗ ಊಟ ಮಾಡಿ ಹೋಗಿದ್ದರು. ಇವತ್ತು ಕಾಲು ತೊಳೆದವರೇ ನೇರ ಆ ಬಾಗಿಲ ಮುಂದೆ ನಿಂತರು.

"ಬೀಗ ತೆಗೀರಿ. ಕೂತ್ಕಬೇಕು."

"ನಕ್ಷತ್ರ ಸರಿ ಇರಲಿಲ್ಲ ಸಾ..."

"ಮೂರ್ ತಿಂಗ್ಳು ಅಂತ ನಿಮ್ಮಕ್ಕನೇ ಹೇಳಿದ್ರು ನನ್ಗೆ. ಈಗ ಐದಾತಲ್ಲ?"

ನಾನು ಅಲ್ಲೇ ನೆಲದ ಮೇಲೆ ಕೂತೆ. ಯಾರಿಗೂ ಹೇಳದೆ ಇದ್ದದ್ದನ್ನೆಲ್ಲ ಹೇಳಿದೆ. ಬಸ್ಸಿನಲ್ಲಿ ಅವಳಂದ ಮಾತು, ಮೊಪೆಡ್ಡು, ಸೋಪಿನ ಪುಡಿ, ರೈಟ್ ರೈಟ್ ಎಂದದ್ದು. ಕೊನೆಗೆ ಕೇಳಿದೆ, "ನಾನು ಬೆಲ್ ಒಡೀತೀನಿ ಅಂತ ಕಾಯ್ತಾ ಇದ್ಲಾ ಸಾ ಅವ್ಳು? ನೋವು ತಡ್ಕಂಡು ಕುಂತಿದ್ಲಾ?"

ಮೇಷ್ಟರು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತರು. "ಗೊತ್ತಿಲ್ಲ" ಎಂದರು.

ನನಗೆ ಸಿಟ್ಟು ಬಂತು. "ಇಷ್ಟು ವರ್ಷ ಗ್ವಾಡೆ ಮುಂದೆ ಕುಂತಿದ್ದೀರ. ಇಷ್ಟೂ ಗೊತ್ತಾಗ್ಲಿಲ್ವಾ ನಿಮ್ಗೆ?"

"ಇಲ್ಲ ಕಣಪ್ಪ. ನಿಮ್ಮ ಸಮಾಧಾನಕ್ಕೆ ಏನೋ ಒಂದು ಹೇಳಬೋದು. ನಾಳೆ ನೀವು ಅದನ್ನೂ ಬಿಚ್ಚಿ ನೋಡ್ತೀರ, ಮೆಕ್ಯಾನಿಕ್ಕು."

ಬೀಗ ನಾನು ತೆಗೆದೆ, ಮುಳ್ಳನ್ನು ಅವರು ತೆಗೆದರು. ಕೋಣೆಯೊಳಗೆ ಮುಚ್ಚಿದ ಧೂಳಿನ ವಾಸನೆ. ನಾನು ತಲೆ ತಗ್ಗಿಸಿ ಹೋಗಿ ಕಿಟಕಿ ತೆರೆದು, ತಲೆ ತಗ್ಗಿಸಿಯೇ ಹೊರಗೆ ಬಂದೆ. ಮೇಷ್ಟರು ತಮ್ಮ ಎಂದಿನ ಮೂಲೆಯಲ್ಲಿ, ಅವಳ ಮಣೆಯಿಂದ ನಾಲ್ಕು ಮೊಳ ಪಕ್ಕಕ್ಕೆ, ಗೋಡೆಗೆ ಮುಖ ಮಾಡಿ ಕೂತರು. "ಹೊಡೀರಿ" ಎಂದರು.

ಬೆಲ್ಲನ್ನು ಸೀರೆ ತುಂಡಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೆ. ತಂದು ಮೂರು ಸಲ ಬಾರಿಸಿದೆ. ಮೂರನೆಯದು ಎರಡಾಗಿ ಕೇಳಿಸಿತು.

ಈ ಸಲ ಜಗಲಿಗೆ ಹೋಗಲಿಲ್ಲ. ಹೊಸ್ತಿಲ ಮೇಲೆ ನಿಂತು ಅವರ ಬೆನ್ನಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಮೇಷ್ಟರಿಗೆ ಎಪ್ಪತ್ತರ ಮೇಲೆ ವಯಸ್ಸು. ಹೊದ್ದ ಟವೆಲ್ಲು ಉಸಿರಿಗೆ ಏಳುತ್ತದೆಯೋ ಎಂದು ನೋಡಿದೆ. ಎದ್ದ ಹಾಗಿತ್ತು. ಆಮೇಲೆ ಎದ್ದ ಹಾಗಿರಲಿಲ್ಲ. ಐದು ನಿಮಿಷ. ಎಂಟು. ಕೈಗಡಿಯಾರ ಕಿವಿಗೆ ಹಿಡಿದು ನೋಡಿದೆ. ಹನ್ನೊಂದನೇ ನಿಮಿಷದಲ್ಲಿ ಅವರ ತಲೆ ಒಂದು ಕೂದಲೆಳೆಯಷ್ಟು ಮುಂದಕ್ಕೆ ಬಾಗಿದ ಹಾಗೆ ಕಂಡಿತು. ಕರೆಯಲೇ? ಕರೆದರೆ ನಿಯಮ ಕೆಡುತ್ತದೆ. ಇದೇ ನಿಯಮವನ್ನು ಹಿಡಿದುಕೊಂಡೇ ಅಲ್ಲವೇ ಅವತ್ತೂ ಅವಳ ಬೆನ್ನು ನೋಡಿ ಭೇಷ್ ಎಂದು ಬಚ್ಚಲಿಗೆ ಹೋದದ್ದು? ಹದಿನಾಲ್ಕು. ಬೆವರು ಕಣ್ಣಿಗೆ ಇಳಿಯಿತು. ಇನ್ನೇನು ಕೂಗಬೇಕು, ಅಷ್ಟರಲ್ಲಿ ಮೇಷ್ಟರು ನೆಲಕ್ಕೆ ಕೈ ಊರಿ ಎದ್ದೇಬಿಟ್ಟರು.

"ಎಲ್ಲಿಗೆ ಸಾ?" ನನ್ನ ದನಿ ಕೀರಲಾಗಿತ್ತು.

"ಬಚ್ಚಲಿಗೆ. ಸಕ್ಕರೆ ಕಾಯಿಲೆ ಕಣ್ರೀ ನನಗೆ."

"ಇನ್ನೂ ಬೆಲ್ ಆಗಿಲ್ಲ!"

"ನಿಮ್ ಬೆಲ್ಲಿಗೆ ಆಗಿಲ್ದೆ ಇರಬೋದು, ನನಗಾಗ್ಯದೆ. ದಾರಿ ಬಿಡಿ."

ಅವರು ಪಂಚೆ ಎತ್ತಿಕಟ್ಟಿ ದುಡುದುಡು ಹೋದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಕಾಲು ತೊಳೆದುಕೊಂಡು ಬಂದವರು ನನ್ನ ಮುಖ ನೋಡಿ ನಿಂತರು.

"ಮಧ್ಯದಲ್ಲಿ ಏಳಬೋದಾ ಸಾ?" ಎಂದೆ.

"ಏಳದೆ? ಕೂತಲ್ಲೇ ಮಾಡ್ಕಳಕ್ಕಾಗ್ತದಾ? ನಿಮ್ಮನೆಯವ್ರೂ ಏಳೋರು."

"ಅವ್ಳು ಏಳ್ತಿರ್ಲಿಲ್ಲ."

"ನೀವು ಪೇಪರ್ ಓದ್ತಾ ಇರ್ತಿದ್ರಿ. ಹಾಲುಕ್ಕೋ ವಾಸನೆ ಬಂದ್ರೆ ಸಾಕು, ತಟ್ಟನೆ ಎದ್ದೋಗಿ ಒಲೆ ಆರಿಸಿ ಬಂದು ಮತ್ತೆ ಕೂರೋರು ಆಯಮ್ಮ. ಒಂದಿನ ಕಾಲು ಜೋಮು ಹಿಡೀತು ಅಂತ ನಿಂತ್ಕಂಡೇ ಮುಗಿಸಿದ್ರು. ನೀವು ಬೆಲ್ ಹೊಡಿಯೋ ಹೊತ್ತಿಗೆ ಓಡಿಬಂದು ಕೂತು, ಶಿಸ್ತಾಗಿ ಏಳೋರು. ನೀವು ಬೇಜಾರು ಮಾಡ್ಕಬಾರ್ದಲ್ಲ."

ಅಷ್ಟು ವರ್ಷ ಅವಳು ನನ್ನ ಬೆಲ್ಲಿನ ಮರ್ಯಾದೆ ಕಾಪಾಡಿಕೊಂಡು ಬಂದಿದ್ದಳು.

"ಅಂಗಾರೆ ಅವತ್ತು ಯಾಕೆ ಏಳ್ಲಿಲ್ಲ?" ಎಂದು ಕೇಳಿದೆ.

"ಅದು ಗೊತ್ತಿಲ್ಲ" ಎಂದರು. ಮೊದಲಿನದೇ ಮಾತು, ಆದರೆ ಈ ಸಲ ನನಗೆ ಸಿಟ್ಟು ಬರಲಿಲ್ಲ. ಅವರು ನನ್ನ ಕೈಯಿಂದ ಬೆಲ್ ತೆಗೆದುಕೊಂಡರು. "ಈಗ ನೀವು ಕೂತ್ಕಳಿ. ನಾನು ಹೊಡೀತೀನಿ."

"ನನ್ಗೆ ಎದ್ರಿಕೆ ಆಯ್ತದೆ ಸಾ."

"ಎದ್ರುಕೊಂಡೇ ಕೂತ್ಕಳಿ. ಬ್ಯಾಡ ಅಂದೋರ್ಯಾರು?"

ಅವಳ ಮಣೆ ಇಟ್ಟಲ್ಲೇ ಇತ್ತು. ಕೂತೆ. ಹಿಂದಿನಿಂದ ಮೂರು ಸಲ ಬೆಲ್ ಕೇಳಿತು. ಬಾರಿಸುವವನಿಗೆ ಅದು ಬರೀ ಸದ್ದು. ಗೋಡೆ ಮುಂದೆ ಕೂತವನಿಗೆ ಬೆನ್ನಿನ ಮೇಲೆ ಕೈಯಿಟ್ಟ ಹಾಗೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದೆ. ಆಮೇಲೆ ತೆರೆದೆ.

ಕುಂಕುಮದ ಗುರುತು ನನ್ನ ಕಣ್ಣಿಗಿಂತ ತುಸು ಕೆಳಗಿತ್ತು. ಗೆರೆಯಲ್ಲ, ಬೊಟ್ಟು. ಅವಳು ಉಂಗುರದ ಬೆರಳಲ್ಲಿ ಇಟ್ಟುಕೊಳ್ಳುತ್ತಿದ್ದಷ್ಟೇ ದುಂಡಗೆ, ಅಂಚು ಸ್ವಲ್ಪ ಮಾಸಿ. ಮೇಲಕ್ಕೂ ಕೆಳಕ್ಕೂ ಎಳೆದಿರಲಿಲ್ಲ, ಉಜ್ಜಿರಲಿಲ್ಲ. ಐದು ತಿಂಗಳಲ್ಲಿ ಅದನ್ನು ಉದ್ದ ಮಾಡಿದ್ದು ನಾನು. ಅದರ ಪಕ್ಕದಲ್ಲಿ, ಹಿಂದೆ ನಾನೇ ಬಣ್ಣ ಬಳಿದಾಗ ಅಂಟಿಕೊಂಡ ಬ್ರಷ್ಷಿನ ಎರಡು ಕೂದಲು. ಅಷ್ಟು ವರ್ಷ ಅವಳು ದಿನಾ ನೋಡುತ್ತಿದ್ದುದು ಅದನ್ನು. ಒಂದು ದಿನವೂ ಹೇಳಿರಲಿಲ್ಲ.

ಒಂದು ಬೊಟ್ಟು ಎಷ್ಟು ಹೇಳಲು ಸಾಧ್ಯವೋ ಅಷ್ಟನ್ನೇ ಹೇಳಿತು. ನೋವಾಗಲಿಲ್ಲ ಎಂದು ಅದು ಹೇಳಲಿಲ್ಲ. ಎದೆ ಮತ್ತೆ ಹೊಡೆದುಕೊಳ್ಳತೊಡಗಿತು, ಬೆನ್ನ ಹಿಂದೆ ಚಾವಣಿ ಇಳಿದು ಬಂದಂತಾಯಿತು. ಏಳನೇ ನಿಮಿಷವೋ ಎಂಟನೆಯದೋ, ಬೆಲ್ ಆಗುವ ಮೊದಲೇ ಎದ್ದುಬಿಟ್ಟೆ. ಹೋಗಿ ಕಾಫಿಗೆ ಇಟ್ಟೆ.

ಈಗ ದಿನಾ ಬೆಳಿಗ್ಗೆ ಕೂರುತ್ತೇನೆ. ಬಾರಿಸುವವರಿಲ್ಲ, ಮೂರು ಸಲ ನಾನೇ ಬಾರಿಸಿಕೊಂಡು ಕೂರುತ್ತೇನೆ, ಭಯ ಮೇಲೆ ಬಂದಾಗ ಏಳುತ್ತೇನೆ. ಹನ್ನೆರಡು ನಿಮಿಷದ ತನಕ ಬಂದಿದ್ದೇನೆ. ಎದ್ದ ಮೇಲೂ ಸುಮ್ಮನೆ ಕಾದಿದ್ದು, ಆರು ಐವತ್ತೈದಕ್ಕೆ ಸರಿಯಾಗಿ ಒಂದು ಸಲ ಬಾರಿಸುತ್ತೇನೆ.

ಮೊನ್ನೆ ಅಕ್ಕ ಬಂದವಳು ಕೋಣೆ ತೆರೆದಿರುವುದು ನೋಡಿ ಸಮಾಧಾನಪಟ್ಟಳು. ಒಳಗೆ ಹೋಗಿ ಒಂದು ಸುತ್ತು ನೋಡಿದಳು.

"ಯುಗಾದಿ ಬತ್ತಾ ಐತೆ. ಈ ರೂಮಿಗೊಂದಪ ಸುಣ್ಣ ಒಡಿಸ್ಬುಡ್ಲಾ. ಗ್ವಾಡೆ ಎಂಗಾಗದೆ ನೋಡು."

"ಒಡಿಸ್ತೀನಿ ಕಣಕ್ಕ" ಎಂದೆ. "ಮೂರು ಗ್ವಾಡೆಗೆ."

ಅವಳು ನಾಲ್ಕನೆಯ ಗೋಡೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಸೆರಗಿನಿಂದ ಮಣೆ ಒರೆಸಿ, ಅದನ್ನು ಎಲ್ಲಿತ್ತೋ ಅಲ್ಲೇ ಇಟ್ಟಳು.